ತೈಲ ಬೆಲೆ ನಾಲ್ಕು ಪಟ್ಟಾಗುವ ಮುನ್ನ: ಶೆಲ್ ಕಂಪನಿಯ ಹಿರಿಯರು ಯೋಚಿಸಲು ಕಲಿತ ಬಗೆ

1973ರ ಅಕ್ಟೋಬರ್ ಮೊದಲ ದಿನ ಒಂದು ಬ್ಯಾರೆಲ್ ಅರೇಬಿಯನ್ ಲೈಟ್ ಕಚ್ಚಾ ತೈಲದ ಘೋಷಿತ ಬೆಲೆ ಸುಮಾರು 3 ಡಾಲರ್. 1974ರ ಜನವರಿ 1ಕ್ಕೆ ಅದೇ ಬ್ಯಾರೆಲ್‌ಗೆ 11.65 ಡಾಲರ್. ನಡುವಿನ ಮೂರು ತಿಂಗಳಲ್ಲಿ ಅರಬ್-ಇಸ್ರೇಲ್ ಯುದ್ಧ ನಡೆದಿತ್ತು. ಅರಬ್ ದೇಶಗಳು ಅಮೆರಿಕಕ್ಕೂ ನೆದರ್ಲೆಂಡ್ಸ್‌ಗೂ ತೈಲ ಕಳಿಸುವುದನ್ನು ನಿಲ್ಲಿಸಿದ್ದವು. ಬೆಲೆ ಎಷ್ಟಿರಬೇಕೆಂದು ಹೇಳುವ ಅಧಿಕಾರ ಕಂಪನಿಗಳ ಕೈತಪ್ಪಿ, ತೈಲ ತೆಗೆಯುವ ದೇಶಗಳ ಕೈಸೇರಿತ್ತು. ಬಹುತೇಕ ತೈಲ ಕಂಪನಿಗಳ ಮುಖ್ಯಸ್ಥರಿಗೆ ಇದು ಬರಸಿಡಿಲು. ಲಂಡನ್ನಿನ ಥೇಮ್ಸ್ ದಂಡೆಯ ಶೆಲ್ ಸೆಂಟರ್‌ನಲ್ಲಿ ಕೂತಿದ್ದ ಕೆಲವರಿಗೆ ಮಾತ್ರ ಇದು ಈಗಾಗಲೇ ಚರ್ಚೆ ಮಾಡಿ ಮುಗಿಸಿದ್ದ ವಿಷಯವಾಗಿತ್ತು.

ಹಿರಿಯ ಆಡಳಿತ ತಂಡಕ್ಕೆ ದೂರಾಲೋಚನೆಯನ್ನು ಕಲಿಸಲು ಸಾಧ್ಯವೇ ಎಂಬ ಪ್ರಶ್ನೆ ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವ ಪ್ರಕರಣ ಇದು. ಇದನ್ನು ಸಾಮಾನ್ಯವಾಗಿ 'ಶೆಲ್ ಭವಿಷ್ಯ ನುಡಿಯಿತು' ಎಂದು ಹೇಳಿ ಮುಗಿಸುತ್ತಾರೆ. ಹಾಗೆ ಹೇಳಿದರೆ ಕಲಿಯಬೇಕಾದ ಭಾಗವೇ ಬಿಟ್ಟುಹೋಗುತ್ತದೆ. ಅಲ್ಲಿನ ಯೋಜನಾ ತಂಡ ಒಮ್ಮೆ ಸೋತಿತು, ಆಮೇಲೆ ಕೆಲಸದ ರೀತಿಯನ್ನೇ ಬದಲಿಸಿತು. ಮೊದಲ ಸುತ್ತು ಯಾಕೆ ನಾಟಲಿಲ್ಲ, ಎರಡನೆಯದು ಯಾಕೆ ನಾಟಿತು ಎಂಬಲ್ಲೇ ಈ ಪ್ರಕರಣದ ತಿರುಳಿದೆ.

ಹಿನ್ನೆಲೆ

ರಾಯಲ್ ಡಚ್ ಶೆಲ್ ಆಗ ಜಗತ್ತಿನ ತೈಲ ವ್ಯಾಪಾರವನ್ನು ಆಳುತ್ತಿದ್ದ 'ಏಳು ಸೋದರಿಯರು' ಎಂಬ ಕಂಪನಿಗಳಲ್ಲಿ ಒಂದು. ನಮ್ಮಲ್ಲಿ ಹಿರಿಯರಿಗೆ ಬರ್ಮಾ ಶೆಲ್ ಎಂದರೆ ಸೀಮೆಎಣ್ಣೆ ಡಬ್ಬಿಯ ಮೇಲಿನ ಹೆಸರಾಗಿ ನೆನಪಿರುತ್ತದೆ. ಮಹಾಯುದ್ಧ ಮುಗಿದ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ತೈಲದ ಬೇಡಿಕೆ ವರ್ಷಕ್ಕೆ ಸುಮಾರು ಶೇ. 7ರಂತೆ ಏರುತ್ತಲೇ ಇತ್ತು. ಹತ್ತು ವರ್ಷಕ್ಕೆ ದುಪ್ಪಟ್ಟು ಎಂದಾಯಿತು. ಅಂಥ ಕಾಲದಲ್ಲಿ ಮ್ಯಾನೇಜರ್ ಮಾಡಬೇಕಾದದ್ದು ಬಾವಿ, ಪೈಪ್‌ಲೈನ್, ಟ್ಯಾಂಕರ್ ಹಡಗು, ರಿಫೈನರಿ, ಪೆಟ್ರೋಲ್ ಬಂಕ್ ಇವನ್ನು ಬೇಡಿಕೆಗಿಂತ ಒಂದು ಹೆಜ್ಜೆ ಮುಂದೆ ಕಟ್ಟುತ್ತ ಹೋಗುವುದು. ಸ್ವಲ್ಪ ಹೆಚ್ಚು ಕಟ್ಟಿದರೂ ಭಯವಿರಲಿಲ್ಲ, ಎರಡು ವರ್ಷದಲ್ಲಿ ಬೇಡಿಕೆ ಬಂದು ತುಂಬಿಕೊಳ್ಳುತ್ತಿತ್ತು. ಹೀಗೆ ಕಟ್ಟುತ್ತ ಕಟ್ಟುತ್ತ ಮೇಲೆ ಬಂದವರೇ ನಿರ್ದೇಶಕರ ಕುರ್ಚಿಯಲ್ಲಿದ್ದರು. ಅವರು ಬುದ್ಧಿವಂತರು, ಜಗತ್ತು ಸುತ್ತಿದವರು. ಆದರೆ ಅವರ ಅನುಭವವೆಲ್ಲ ಒಂದೇ ಬಗೆಯ ಕಾಲದ್ದು.

1965ರಲ್ಲಿ ಶೆಲ್ ಒಂದು ಏಕೀಕೃತ ಯೋಜನಾ ವ್ಯವಸ್ಥೆಯನ್ನು ತಂದಿತು. ತೈಲ ಬಾವಿಯಿಂದ ಹಿಡಿದು ಬಂಕಿನವರೆಗೆ ಇಡೀ ಸರಪಳಿಯ ಲೆಕ್ಕವನ್ನು ಆರು ವರ್ಷ ಮುಂದಕ್ಕೆ ಹಾಕುವ ವ್ಯವಸ್ಥೆ ಅದು. ಮೊದಲ ವರ್ಷದ್ದು ವಿವರವಾಗಿ, ಉಳಿದ ಐದು ವರ್ಷದ್ದು ಸ್ಥೂಲವಾಗಿ. ಕೆಲಸ ಅಚ್ಚುಕಟ್ಟಾಗಿತ್ತು. ಅದರ ದೋಷ ಇದ್ದದ್ದು ಅಚ್ಚುಕಟ್ಟುತನದಲ್ಲೇ: ನಿನ್ನೆ ನಡೆದದ್ದು ನಾಳೆಯೂ ನಡೆಯುತ್ತದೆ ಎಂಬ ನಂಬಿಕೆಯನ್ನು ಅದು ಅಂಕಿಗಳಾಗಿಸಿ ಎಲ್ಲರ ಮೇಜಿನ ಮೇಲಿಡುತ್ತಿತ್ತು. ಅಂಕಿಯಾಗಿ ಮುದ್ರಣವಾದ ನಂಬಿಕೆಯನ್ನು ಪ್ರಶ್ನಿಸುವುದು ಯಾವ ಕಚೇರಿಯಲ್ಲೂ ಸುಲಭವಲ್ಲ.

ಆದರೂ ಒಳಗೊಳಗೇ ಅನುಮಾನ ಹುಟ್ಟಿತ್ತು. 2000ನೇ ಇಸವಿಯ ಹೊತ್ತಿಗೆ ಜಗತ್ತು ಹೇಗಿರುತ್ತದೆ ಎಂದು ನೋಡಲು 1967ರಲ್ಲಿ ಆರಂಭಿಸಿದ ಅಧ್ಯಯನ, ಈ ಏರಿಕೆ ಅಲ್ಲಿಯವರೆಗೆ ನಡೆಯುವುದಿಲ್ಲ, 1985ಕ್ಕೂ ಮೊದಲೇ ಎಲ್ಲೋ ಮುರಿಯುತ್ತದೆ ಎಂದು ಹೇಳಿತು. ಅದನ್ನು ಕೈಗೆತ್ತಿಕೊಂಡವರಲ್ಲಿ ಇಬ್ಬರು ಮುಖ್ಯ. ಒಬ್ಬರು ಲಂಡನ್ ಕಚೇರಿಯ ಟೆಡ್ ನ್ಯೂಲ್ಯಾಂಡ್. ಇನ್ನೊಬ್ಬರು ಫ್ರಾನ್ಸಿನ ಶೆಲ್ ಶಾಖೆಯಿಂದ 1971ರಲ್ಲಿ ಲಂಡನ್ನಿಗೆ ಬಂದ ಪಿಯರ್ ವ್ಯಾಕ್. ವ್ಯಾಕ್ ಅವರಿಗೆ ಭಾರತದ ನಂಟಿತ್ತು. ಬಂಗಾಳದ ಸ್ವಾಮಿ ಪ್ರಜ್ಞಾನಪಾದರ ಫ್ರೆಂಚ್ ಶಿಷ್ಯರಲ್ಲಿ ಅವರೂ ಒಬ್ಬರು. ಎದುರಿಗಿರುವುದನ್ನು ಇದ್ದ ಹಾಗೆ ನೋಡುವುದೇ ಮೊದಲ ಕೆಲಸ ಎಂಬ ಅವರ ಹಟಕ್ಕೆ ಅಲ್ಲಿನ ಪಾಠವೂ ಕಾರಣವಿರಬೇಕು ಎಂದು ನನಗನಿಸುತ್ತದೆ.

ಮೊದಲ ಸುತ್ತು

ಅಮೆರಿಕದ ಹರ್ಮನ್ ಕಾನ್ ಆಗ ಭವಿಷ್ಯವನ್ನು ಒಂದೇ ಅಂಕಿಯಾಗಿ ಹೇಳದೆ, ನಾಲ್ಕಾರು ಸಂಭವನೀಯ ಕಥೆಗಳಾಗಿ ಬರೆಯುವ ಪದ್ಧತಿಯನ್ನು ರೂಢಿಗೆ ತಂದಿದ್ದರು. ವ್ಯಾಕ್ ತಂಡ ಅದನ್ನೇ ಹಿಡಿದು 1971ರಲ್ಲಿ ನಾಲ್ಕು ಸಿನಾರಿಯೊ ಬರೆಯಿತು. ಬೆಳವಣಿಗೆ ಹೀಗಾದರೆ ಬೇಡಿಕೆ ಇಷ್ಟು, ಹಾಗಾದರೆ ಅಷ್ಟು. ನಿರ್ದೇಶಕರು ಓದಿದರು, ಗೋಣು ಆಡಿಸಿದರು, ತಮ್ಮ ಪಾಡಿಗೆ ಕೆಲಸಕ್ಕೆ ಮರಳಿದರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಇಂದಿಗೂ ನೂರಾರು ಕಂಪನಿಗಳು ಈ ಮೊದಲ ಸುತ್ತಿನಲ್ಲೇ ನಿಂತಿವೆ. ಹೆಚ್ಚು, ಮಧ್ಯಮ, ಕಡಿಮೆ ಎಂದು ಮೂರು ಅಂದಾಜು ಬರೆದು, ಮಧ್ಯದ್ದನ್ನು ಆರಿಸಿಕೊಂಡು, ದೂರಾಲೋಚನೆ ಮುಗಿಯಿತು ಎಂದುಕೊಳ್ಳುತ್ತವೆ. ರಿಫೈನರಿ ಕಟ್ಟಬೇಕೋ ಬೇಡವೋ ಎಂದು ನಾಳೆ ಸಹಿ ಹಾಕಬೇಕಾದ ಮನುಷ್ಯನಿಗೆ 'ಏನು ಬೇಕಾದರೂ ಆಗಬಹುದು' ಎಂಬ ನಾಲ್ಕು ಕಥೆ ಕೊಟ್ಟರೆ ಆತ ಏನು ಮಾಡಿಯಾನು? ಅನಿಶ್ಚಿತತೆಯನ್ನು ಬರೀ ಪಟ್ಟಿ ಮಾಡಿ ಕೊಟ್ಟರೆ ಅವನ ಕೈಗೆ ಹೊಸದೇನೂ ಸಿಗುವುದಿಲ್ಲ. ತಮ್ಮ ಬರಹ ಅಷ್ಟೇ ಮಾಡಿದೆ ಎಂಬುದನ್ನು ವ್ಯಾಕ್ ಬೇಗ ಕಂಡುಕೊಂಡರು. ಮೊದಲ ಸಿನಾರಿಯೊಗಳು ವಿಷಯವನ್ನು ತಾವು ಅರಿಯುವುದಕ್ಕಷ್ಟೇ ಉಪಯೋಗ, ತೀರ್ಮಾನಕ್ಕಲ್ಲ ಎಂದು ಅವನ್ನು ಬದಿಗಿಟ್ಟರು.

ಮಳೆ ಈಗಾಗಲೇ ಸುರಿದಿದೆ

ಎರಡನೇ ಸುತ್ತಿನಲ್ಲಿ ಅವರು ಕೇಳಿಕೊಂಡ ಪ್ರಶ್ನೆಯೇ ಬೇರೆ: ಅನಿಶ್ಚಿತ ಎಂದು ನಾವು ಕರೆಯುವುದರಲ್ಲಿ ನಿಜಕ್ಕೂ ಅನಿಶ್ಚಿತ ಯಾವುದು, ಆಗಲೇ ನಿಶ್ಚಯವಾಗಿ ಹೋಗಿರುವುದು ಯಾವುದು? ಇದನ್ನು ವಿವರಿಸಲು ವ್ಯಾಕ್ ಗಂಗೆಯ ಉದಾಹರಣೆ ಕೊಡುತ್ತಿದ್ದರು. ಹಿಮಾಲಯದ ಮೇಲ್ಭಾಗದಲ್ಲಿ ಜೋರು ಮಳೆ ಸುರಿದರೆ, ಎರಡು ದಿನದಲ್ಲಿ ಹೃಷಿಕೇಶಕ್ಕೆ, ಇನ್ನು ಮೂರ್ನಾಲ್ಕು ದಿನಕ್ಕೆ ಅಲಹಾಬಾದಿಗೆ, ಅಲ್ಲಿಂದ ಎರಡು ದಿನಕ್ಕೆ ಕಾಶಿಗೆ ನೆರೆ ಬರುವುದು ಖಚಿತ. ಕಾಶಿಯಲ್ಲಿ ಕೂತವನಿಗೆ ಅದಿನ್ನೂ ಕಾಣುತ್ತಿಲ್ಲ ಅಷ್ಟೇ. ಇದನ್ನು ಹೇಳಲು ಜ್ಯೋತಿಷ್ಯ ಬೇಕಿಲ್ಲ, ಮೇಲೆ ಮಳೆ ಬಿದ್ದದ್ದನ್ನು ನೋಡಿದ್ದರೆ ಸಾಕು.

ಹಾಗಾದರೆ ತೈಲದ ಲೋಕದಲ್ಲಿ ಆಗಲೇ ಸುರಿದ ಮಳೆ ಯಾವುದು? ಅಮೆರಿಕದ ಸ್ವಂತ ತೈಲ ಉತ್ಪಾದನೆ 1970ರಲ್ಲಿ ತುದಿ ಮುಟ್ಟಿ ಇಳಿಯತೊಡಗಿತ್ತು. ಟೆಕ್ಸಸ್ಸಿನಲ್ಲಿ ಯಾವ ಬಾವಿಯಿಂದ ಎಷ್ಟು ತೆಗೆಯಬೇಕೆಂದು ದಶಕಗಳ ಕಾಲ ಮಿತಿ ಹಾಕುತ್ತಿದ್ದ ಅಲ್ಲಿನ ರೈಲ್ವೆ ಆಯೋಗ 1972ರಲ್ಲಿ ಆ ಮಿತಿಯನ್ನೇ ತೆಗೆದುಹಾಕಿತ್ತು. ಅಂದರೆ ಆಪತ್ತಿಗೆಂದು ಇಟ್ಟುಕೊಂಡಿದ್ದ ಹೆಚ್ಚುವರಿ ಸಾಮರ್ಥ್ಯ ಅಮೆರಿಕದಲ್ಲಿ ಮುಗಿದಿತ್ತು. ಇನ್ನು ಮುಂದೆ ಅಮೆರಿಕ, ಯುರೋಪ್, ಜಪಾನ್ ಎಲ್ಲವೂ ಕೊಲ್ಲಿ ದೇಶಗಳ ಬಾಗಿಲಿಗೇ ಹೋಗಬೇಕು. ಈ ಒಂದು ಮಾಹಿತಿ ಗುಟ್ಟಿನದಲ್ಲ, ಪತ್ರಿಕೆಯಲ್ಲೇ ಬಂದದ್ದು.

ಇನ್ನೊಂದು ಕಡೆ ಅವರು ತೈಲ ತೆಗೆಯುವ ದೇಶಗಳನ್ನು ಒಂದೊಂದಾಗಿ ಹರಡಿಟ್ಟು ನೋಡಿದರು. ಒಂದು ದೇಶಕ್ಕೆ ಎಷ್ಟು ನಿಕ್ಷೇಪವಿದೆ, ಬಂದ ಹಣವನ್ನು ಉಪಯೋಗಕ್ಕೆ ಹಾಕುವ ಶಕ್ತಿ ಎಷ್ಟಿದೆ ಎಂಬ ಎರಡು ಪ್ರಶ್ನೆ. ಸೌದಿ ಅರೇಬಿಯ, ಕುವೈತ್‌ಗಳಲ್ಲಿ ತೈಲ ಹೇರಳ. ಆದರೆ ಜನ ಕಡಿಮೆ, ಹೆಚ್ಚಿನ ಹಣ ಬಂದರೆ ಖರ್ಚು ಮಾಡಲು ಜಾಗವಿಲ್ಲ. ಇರಾನಿನಂಥ ದೇಶಕ್ಕೆ ಎಷ್ಟು ಹಣ ಬಂದರೂ ಬೇಕು. ಆದರೆ ತೈಲಕ್ಕೆ ಮಿತಿಯಿದೆ. ಎರಡೂ ಸಾಕಷ್ಟಿರುವ ದೇಶ ಒಂದೂ ಇರಲಿಲ್ಲ. ಮೊದಲ ಗುಂಪಿನವರು ಬ್ಯಾಂಕಿನಲ್ಲಿ ಸವೆಯುವ ಡಾಲರಿಗಿಂತ ನೆಲದಡಿಯ ತೈಲವೇ ಮೇಲು ಎಂದುಕೊಳ್ಳಬಹುದು. ಎರಡನೇ ಗುಂಪಿನವರು ಇರುವಷ್ಟಕ್ಕೇ ಹೆಚ್ಚು ಬೆಲೆ ಕೇಳಬಹುದು. ಯಾರ ಕಡೆಯಿಂದ ನೋಡಿದರೂ ಬೆಲೆ ಏರುವುದೇ ಅವರಿಗೆ ಲಾಭ. ಲಂಡನ್ನಿನ ಕುರ್ಚಿಯಿಂದ ಎದ್ದು ರಿಯಾದ್, ಟೆಹರಾನ್‌ಗಳ ಕುರ್ಚಿಯಲ್ಲಿ ಕೂತು ಲೆಕ್ಕ ಹಾಕಿದ್ದರಿಂದಷ್ಟೇ ಇದು ಕಂಡಿತು. ನನ್ನ ಮಟ್ಟಿಗೆ ಇಡೀ ಪ್ರಕರಣದ ಅತ್ಯಂತ ಬೆಲೆಯುಳ್ಳ ಕೆಲಸ ಇದೇ. ಎದುರಾಳಿ ದುರಾಸೆಯವನು, ಮೊಂಡ ಎಂದು ಬೈಯುವ ಬದಲು ಅವನ ಜಾಗದಲ್ಲಿ ನಿಂತು ನಾನಾದರೆ ಏನು ಮಾಡುತ್ತಿದ್ದೆ ಎಂದು ಕೇಳಿಕೊಳ್ಳುವ ತಂಡಗಳನ್ನು ನಾವು ಎಷ್ಟು ಕಂಡಿದ್ದೇವೆ?

ಮೂರು ಪವಾಡ

1972ರ ಸೆಪ್ಟೆಂಬರಿನಲ್ಲಿ ಆಡಳಿತ ನಿರ್ದೇಶಕರ ಮುಂದೆ ಸಿನಾರಿಯೊಗಳನ್ನು ಮತ್ತೆ ಇಟ್ಟರು. ಈ ಬಾರಿ ಎರಡು ಗುಂಪು. ಮೊದಲನೆಯದರಲ್ಲಿ ತೈಲ ದೇಶಗಳು ಪಟ್ಟು ಹಿಡಿದು ಬೆಲೆ ಏರಿಸುವ ಕಥೆ. ಎರಡನೆಯದು, ಎಲ್ಲರೂ ಮನಸ್ಸಿನಲ್ಲಿ ನಂಬಿಕೊಂಡಿದ್ದ 'ಎಲ್ಲ ಇದ್ದ ಹಾಗೇ ನಡೆಯುತ್ತದೆ' ಎಂಬ ಕಥೆ. ಎರಡನೆಯದನ್ನು ಅವರು ತಳ್ಳಿಹಾಕಲಿಲ್ಲ, ಹಿರಿಯರ ನಂಬಿಕೆ ತಪ್ಪು ಎಂದು ಮುಖಕ್ಕೆ ಹೇಳಲೂ ಇಲ್ಲ. ಅದು ನಿಜವಾಗಬೇಕಾದರೆ ಇನ್ನೇನೇನು ನಿಜವಾಗಬೇಕು ಎಂದಷ್ಟೇ ಬಿಡಿಸಿ ತೋರಿಸಿದರು. ಒಂದು, ಹೊಸ ಜಾಗಗಳಲ್ಲಿ ಹಿಂದೆಂದೂ ಸಿಗದಷ್ಟು ವೇಗದಲ್ಲಿ ತೈಲ ಸಿಗಬೇಕು. ಎರಡು, ತೈಲ ದೇಶಗಳು ತಮಗೆ ನಷ್ಟವಾದರೂ ಕೊಳ್ಳುವವರ ಇಷ್ಟದಂತೆ ನೆಲ ಬರಿದು ಮಾಡುತ್ತಾ ಹೋಗಬೇಕು. ಮೂರು, ಕಿಂಚಿತ್ತೂ ಹೆಚ್ಚುವರಿ ಸಾಮರ್ಥ್ಯವಿಲ್ಲದ ಆ ಸ್ಥಿತಿಯಲ್ಲಿ ಯುದ್ಧ, ಮುಷ್ಕರ, ಅವಘಡ ಯಾವುದೂ ಆಗಬಾರದು. ಮೂರೂ ಒಟ್ಟಿಗೆ ನಡೆಯಬೇಕು. ಇದಕ್ಕೆ ಅವರೇ ಕೊಟ್ಟ ಹೆಸರು ಮೂರು ಪವಾಡಗಳ ಸಿನಾರಿಯೊ.

ಇದರ ಬಲ ಎಲ್ಲಿದೆ ನೋಡಿ. ಹಿರಿಯ ಅಧಿಕಾರಿಯ ನಂಬಿಕೆಯನ್ನು ಹೊರಗಿನಿಂದ ಹೊಡೆದರೆ ಆತ ಅದನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಾನೆ. ಅವನ ನಂಬಿಕೆ ಯಾವ ಕಂಬಗಳ ಮೇಲೆ ನಿಂತಿದೆಯೆಂದು ಅವನ ಕಣ್ಣೆದುರೇ ತೋರಿಸಿದರೆ, ಕಂಬ ಗಟ್ಟಿಯೋ ಟೊಳ್ಳೋ ಎಂದು ತಟ್ಟಿ ನೋಡುವ ಕೆಲಸವನ್ನು ಅವನೇ ಮಾಡುತ್ತಾನೆ. ಕೋಣೆಯಲ್ಲಿದ್ದ ಒಬ್ಬೊಬ್ಬರೂ ತೈಲ ಹುಡುಕುವುದನ್ನೋ ಹಡಗನ್ನೋ ಮಾತುಕತೆಯನ್ನೋ ಬಲ್ಲವರು. ಮೊದಲ ಪವಾಡ ಆಗುವುದಿಲ್ಲ ಎಂದು ಭೂಗರ್ಭ ಬಲ್ಲವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಆದರೂ ಕೇಳಿದ ಕೂಡಲೇ ಎಲ್ಲ ಬದಲಾಯಿತು ಎಂದುಕೊಳ್ಳಬಾರದು. ಸಭೆಯಲ್ಲಿ ಆಸಕ್ತಿ ಇತ್ತು. ಆಮೇಲೆ ತೀರ್ಮಾನಗಳು ಹಳೆಯ ಜಾಡಿನಲ್ಲೇ ಸಾಗಿದವು. 1973ರ ಆರಂಭದಲ್ಲಿ ಅವರು ಕಥೆಗಳನ್ನು ಇನ್ನೂ ಬಿಗಿ ಮಾಡಿ, ಒಂದೊಂದು ವಿಭಾಗಕ್ಕೂ ಅದರ ಅರ್ಥ ಏನೆಂದು ಹೇಳತೊಡಗಿದರು. ರಿಫೈನರಿಯವರಿಗೆ: ಕಚ್ಚಾ ತೈಲ ದುಬಾರಿಯಾದರೆ ವಿದ್ಯುತ್ ಸ್ಥಾವರಗಳು ಫರ್ನೇಸ್ ಆಯಿಲ್ ಬಿಟ್ಟು ಕಲ್ಲಿದ್ದಲಿಗೆ ಹೋಗುತ್ತವೆ. ಆಗ ಬರೀ ಬಟ್ಟಿ ಇಳಿಸುವ ಘಟಕ ಹೆಚ್ಚಿಸಿ ಪ್ರಯೋಜನವಿಲ್ಲ. ಅಡಿಯಲ್ಲಿ ಉಳಿಯುವ ಭಾರದ ಎಣ್ಣೆಯನ್ನು ಒಡೆದು ಪೆಟ್ರೋಲ್, ಡೀಸೆಲ್ ಮಾಡುವ ಘಟಕಕ್ಕೆ ಹಣ ಹಾಕಿ. ಬೇರೆ ಬೇರೆ ದೇಶಗಳ ಶಾಖೆಗಳಿಗೆ: ಒಂದೊಂದು ಸರ್ಕಾರ ಒಂದೊಂದು ರೀತಿ ಪ್ರತಿಕ್ರಿಯಿಸುತ್ತದೆ, ಲಂಡನ್ನಿನ ಅಪ್ಪಣೆಗೆ ಕಾಯಬೇಡಿ. ಈ ಎರಡನೆಯ ಮಾತು ಎಷ್ಟು ನಿಜವೆಂದು ಭಾರತವೇ ತೋರಿಸಿತು. 1976ರಲ್ಲಿ ನಮ್ಮ ಸರ್ಕಾರ ಬರ್ಮಾ ಶೆಲ್ ಅನ್ನು ವಹಿಸಿಕೊಂಡಿತು, ಅದೇ ಇಂದಿನ ಭಾರತ್ ಪೆಟ್ರೋಲಿಯಂ.

ಅಕ್ಟೋಬರ್ ಬಂದಾಗ ಕಂಪನಿಯ ಎಲ್ಲ ಮುಖ್ಯ ಕೇಂದ್ರಗಳೂ ಸಿದ್ಧವಾಗಿರಲಿಲ್ಲ. ಸ್ವಲ್ಪ ಭಾಗದವರು ಮಾತ್ರ ಸಿನಾರಿಯೊ ಹೇಳಿದಂತೆ ನಡೆದಿದ್ದರು. ಉಳಿದವರಿಗೆ ಸಿಕ್ಕ ಲಾಭ ಬೇರೆ: ಏನಾಗುತ್ತಿದೆ ಎಂದು ಅರ್ಥ ಮಾಡಿಕೊಳ್ಳಲು ಅವರಿಗೆ ತಿಂಗಳುಗಳು ಬೇಕಾಗಲಿಲ್ಲ. ಬೇರೆ ಕಂಪನಿಗಳು ಇದು ತಾತ್ಕಾಲಿಕ, ಹಳೆಯ ಏರಿಕೆ ಮರಳಿ ಬರುತ್ತದೆ ಎಂದು ಕಾಯುತ್ತಿದ್ದಾಗ ಶೆಲ್‌ನ ರಿಫೈನರಿ ವಿಭಾಗ ಹಣವನ್ನು ಬೇರೆ ಕಡೆ ತಿರುಗಿಸಿತ್ತು. ಏಳು ಸೋದರಿಯರಲ್ಲಿ ಹಿಂದಿದ್ದ ಶೆಲ್ ಇದೊಂದರಿಂದಲೇ ಮುಂದೆ ಬಂತು ಎಂದು ಬರೆಯುವವರಿದ್ದಾರೆ. ಅಷ್ಟು ದೊಡ್ಡ ಮಾತನ್ನು ನಾನು ಹೇಳಲಾರೆ.

1984ರ ಮೂರು ಪ್ರಶ್ನೆಗಳು

ವ್ಯಾಕ್ 1982ರಲ್ಲಿ ನಿವೃತ್ತರಾದರು. ಯೋಜನಾ ವಿಭಾಗದ ಹೊಣೆ ಹೊತ್ತ ಆರಿ ಡಿ ಗ್ಯೂಸ್ ಯೋಜನೆ ಎಂದರೆ ಕಲಿಕೆ ಎಂದು ನಂಬಿದವರು. 1984ರಲ್ಲಿ ತೈಲ ಬೆಲೆ 28 ಡಾಲರ್ ಇದ್ದಾಗ ಅವರ ತಂಡ 15 ಡಾಲರಿಗೆ ಕುಸಿಯುವ ಸಿನಾರಿಯೊ ಬರೆಯಿತು. ಹತ್ತು ವರ್ಷ ಏರುಬೆಲೆಯಲ್ಲಿ ಬದುಕಿದ ಮ್ಯಾನೇಜರ್‌ಗಳು ಈಗ ಇಳಿಬೆಲೆಯನ್ನು ನಂಬಲು ಸಿದ್ಧರಿರಲಿಲ್ಲ. 1972ರಲ್ಲಿದ್ದ ತೊಡಕೇ ಇದು, ತಿರುವುಮುರುವಾಗಿ.

ಹಾಗಾಗಿ ಅವರು ವಾದಕ್ಕೆ ಇಳಿಯಲಿಲ್ಲ. ಮ್ಯಾನೇಜರ್‌ಗಳ ಕೈಗೆ ಒಂದು ಪ್ರಕರಣ ಬರೆದು ಕೊಟ್ಟರು: ಇಂದು 1986ರ ಏಪ್ರಿಲ್, ಬ್ಯಾರೆಲ್ 16 ಡಾಲರ್. ಯಾಕೆ ಇಳಿಯಿತು, ಇಳಿಯುತ್ತದೆಯೇ ಎಂದು ಕೇಳಬೇಡಿ. ನಿಮ್ಮ ದೇಶದ ಸರ್ಕಾರ ಏನು ಮಾಡುತ್ತದೆ? ನಿಮ್ಮ ಪೈಪೋಟಿದಾರರು ಏನು ಮಾಡುತ್ತಾರೆ? ನೀವು ಏನಾದರೂ ಮಾಡುವುದಿದ್ದರೆ ಏನು ಮಾಡುತ್ತೀರಿ? ಮೂರೇ ಪ್ರಶ್ನೆ. ನಂಬಿಕೆಯ ಪ್ರಶ್ನೆಯನ್ನು ಪಕ್ಕಕ್ಕಿಟ್ಟ ಕೂಡಲೇ ಜನ ಕೆಲಸ ಮಾಡತೊಡಗಿದರು.

1986ರ ಜನವರಿಯಲ್ಲಿ ಬೆಲೆ 27 ಡಾಲರ್ ಇತ್ತು. ಫೆಬ್ರವರಿ ಮೊದಲಿಗೆ 17ಕ್ಕೆ, ಏಪ್ರಿಲ್‌ನಲ್ಲಿ 10ಕ್ಕೆ ಬಿತ್ತು.

ಇದೇ ಮನೆಯಲ್ಲಿ ಬೆಳೆದ ಇನ್ನೊಂದು ಪದ್ಧತಿಯನ್ನೂ ಹೇಳಬೇಕು. ಸಿನಾರಿಯೊ ಬರೆಯುವ ಮೊದಲು ಹಿರಿಯರನ್ನು ಒಬ್ಬೊಬ್ಬರಾಗಿ ಭೇಟಿಯಾಗಿ ಮಾತಾಡಿಸುವುದು. ಎಲ್ಲ ಬಲ್ಲ ಕಣಿ ಹೇಳುವವರು ಸಿಕ್ಕರೆ ನಿಮ್ಮ ವ್ಯವಹಾರದ ಬಗ್ಗೆ ಯಾವ ಮೂರು ಪ್ರಶ್ನೆ ಕೇಳುತ್ತೀರಿ ಎಂಬುದು ಅಲ್ಲಿನ ಮೊದಲ ಪ್ರಶ್ನೆ. ಯಾರು ಏನು ಹೇಳಿದರು ಎಂಬುದನ್ನು ಮುಚ್ಚಿಟ್ಟು, ಹೇಳಿದ ಮಾತುಗಳನ್ನು ಮಾತ್ರ ಒಟ್ಟಿಗೆ ಮೇಜಿನ ಮೇಲಿಡುತ್ತಿದ್ದರು. ಸಭೆಯಲ್ಲಿ ಎಂದೂ ಬಾಯಿಬಿಡದ ಚಿಂತೆ ಹೀಗೆ ಹೊರಬರುತ್ತದೆ.

ಕಾಣದೇ ಹೋದದ್ದು

ಇಷ್ಟೆಲ್ಲ ಕಲಿತ ಕಂಪನಿ ಎಲ್ಲವನ್ನೂ ಮುಂಚೆ ಕಂಡಿತೇ? ಇಲ್ಲ. ಬೆಲೆ ಏರಿಕೆಯನ್ನು ಮುಂಗಂಡ ಅದೇ 1973ರಲ್ಲಿ ಶೆಲ್, ಗಲ್ಫ್ ಎಂಬ ಅಮೆರಿಕದ ತೈಲ ಕಂಪನಿಯ ಪರಮಾಣು ಉದ್ಯಮದಲ್ಲಿ ಅರ್ಧ ಪಾಲು ಕೊಂಡು ದೊಡ್ಡ ನಷ್ಟ ಮಾಡಿಕೊಂಡಿತು. ತೈಲ ದುಬಾರಿ ಎಂಬುದು ಸರಿ; ಆದ್ದರಿಂದ ಪರಮಾಣು ಲಾಭದಾಯಕ ಎಂಬುದು ಇನ್ನೊಂದು ಪವಾಡವನ್ನು ಬೇಡುತ್ತಿತ್ತು. 1995ರಲ್ಲಿ ಬ್ರೆಂಟ್ ಸ್ಪಾರ್ ಎಂಬ ತೈಲ ತೊಟ್ಟಿಯನ್ನು ಸಮುದ್ರದಾಳಕ್ಕೆ ಮುಳುಗಿಸಲು ಹೊರಟಾಗ, ಜರ್ಮನಿಯ ಜನ ಬಂಕುಗಳಿಗೆ ಬಹಿಷ್ಕಾರ ಹಾಕಿದರು; ಶೆಲ್ ಹಿಂದೆ ಸರಿಯಬೇಕಾಯಿತು. ಅದೇ ವರ್ಷ ನವೆಂಬರಿನಲ್ಲಿ ನೈಜೀರಿಯದ ಸೈನಿಕ ಸರ್ಕಾರ ತೈಲ ಪ್ರದೇಶದ ಜನರ ಪರ ಹೋರಾಡಿದ ಕೆನ್ ಸಾರೊ-ವಿವಾರನ್ನು ಗಲ್ಲಿಗೇರಿಸಿದಾಗ ಜಗತ್ತಿನ ಬೆರಳು ಶೆಲ್ ಕಡೆಗೂ ತಿರುಗಿತು.

ನನಗೆ ಹೆಚ್ಚು ಕಾಡುವುದು 2004ರದ್ದು. ಆ ಜನವರಿಯಲ್ಲಿ ಶೆಲ್ ತನ್ನ ಖಚಿತ ನಿಕ್ಷೇಪದ ಲೆಕ್ಕದಿಂದ 390 ಕೋಟಿ ಬ್ಯಾರೆಲ್, ಅಂದರೆ ಸುಮಾರು ಐದರಲ್ಲೊಂದು ಭಾಗವನ್ನು ತೆಗೆದುಹಾಕಬೇಕಾಯಿತು. ಅಧ್ಯಕ್ಷ ಫಿಲಿಪ್ ವಾಟ್ಸ್ ಮಾರ್ಚಿನಲ್ಲಿ ಹುದ್ದೆ ಬಿಟ್ಟರು. ರಿಯಾದ್, ಟೆಹರಾನ್‌ಗಳ ಕುರ್ಚಿಯಲ್ಲಿ ಕೂತು ನೋಡಬಲ್ಲ ಸಂಸ್ಥೆಗೆ ತನ್ನ ಪುಸ್ತಕದ ಅಂಕಿ ಕಾಣಲಿಲ್ಲ. ನಿಕ್ಷೇಪದ ಲೆಕ್ಕಕ್ಕೂ ಅಧಿಕಾರಿಗಳ ಬೋನಸ್ಸಿಗೂ ನಂಟಿತ್ತು. ಹೊರಗಿನ ಜಗತ್ತಿನ ಬಗ್ಗೆ ಕೇಳುವ ಪ್ರಶ್ನೆಯನ್ನು ಒಳಗಿನ ಅಂಕಿಗೆ ಕೇಳಲು ಬೇರೆಯದೇ ಧೈರ್ಯ ಬೇಕು. ಆ ಧೈರ್ಯ ಸಿನಾರಿಯೊ ಬರೆಯುವುದರಿಂದ ತಾನಾಗಿ ಬರುವುದಿಲ್ಲ. ತಂಡಗಳಿಗೆ ಈ ಪ್ರಕರಣ ಓದಿಸುವಾಗ 1973ರ ಜೊತೆ 2004ನ್ನೂ ಓದಿಸಬೇಕು ಎಂದು ನಾನು ಒತ್ತಾಯ ಮಾಡುವುದು ಇದಕ್ಕೇ.

ನಮ್ಮಲ್ಲಿ ಮಾಡುವುದಾದರೆ

ಒಂದು ಜಿಲ್ಲಾ ಹಾಲು ಒಕ್ಕೂಟವನ್ನು ಊಹಿಸಿಕೊಳ್ಳಿ. ಐದು ವರ್ಷಗಳ ಯೋಜನೆಯಲ್ಲಿ ಹಾಲಿನ ಶೇಖರಣೆ ವರ್ಷದಿಂದ ವರ್ಷಕ್ಕೆ ಏರುತ್ತದೆ ಎಂದು ಬರೆದಿದೆ, ಅದರ ಮೇಲೆ ಹೊಸ ಡೇರಿ ಕಟ್ಟಡಕ್ಕೆ ಸಾಲ ತೆಗೆಯಬೇಕಿದೆ. ಆ ಗೆರೆ ನಿಜವಾಗಲು ಏನೇನು ನಿಜವಾಗಬೇಕು? ಬೆಳಿಗ್ಗೆ ಸಂಜೆ ಹಾಲು ಕರೆಯಲು ಹಳ್ಳಿಯಲ್ಲಿ ಜನ ಉಳಿಯಬೇಕು. ಮೆಕ್ಕೆಜೋಳ, ಹಿಂಡಿಯ ಬೆಲೆ ಹಾಲಿನ ಬೆಲೆಯನ್ನು ಮೀರಬಾರದು. 2022ರಲ್ಲಿ ರಾಜ್ಯದ ರಾಸುಗಳನ್ನು ಕಾಡಿದ ಚರ್ಮಗಂಟು ರೋಗದಂಥದ್ದು ಮತ್ತೆ ಬರಬಾರದು. ಇವುಗಳಲ್ಲಿ ಕೊನೆಯದು ನಿಜಕ್ಕೂ ಅನಿಶ್ಚಿತ. ಮೊದಲನೆಯದು ಹಾಗಲ್ಲ, ಹಳ್ಳಿಯ ಶಾಲೆಯ ಹಾಜರಿ ಪುಸ್ತಕ, ಬೆಂಗಳೂರಿಗೆ ಹೋಗುವ ಬಸ್ಸು, ಕೊಟ್ಟಿಗೆಯಲ್ಲಿ ಕೆಲಸ ಮಾಡುವವರ ವಯಸ್ಸು ನೋಡಿದರೆ ಉತ್ತರ ಸಿಗುತ್ತದೆ.

ಇಷ್ಟಾದ ಮೇಲೆ, ವ್ಯವಸ್ಥಾಪಕ ನಿರ್ದೇಶಕರು ಬಾಯಿ ತೆರೆಯುವ ಮೊದಲು, ಶೇಖರಣೆಯ ಮುಖ್ಯಸ್ಥರು, ಪಶು ಆಹಾರ ಘಟಕದವರು, ಮಾರಾಟದವರು, ಲೆಕ್ಕಪತ್ರದವರು ಪ್ರತಿಯೊಬ್ಬರೂ ಬೇರೆ ಬೇರೆ ಹಾಳೆಯಲ್ಲಿ ಬರೆಯಲಿ: ಶೇಖರಣೆ ಐದನೇ ವರ್ಷಕ್ಕೆ ಈಗಿನದಕ್ಕಿಂತ ಕಡಿಮೆಯಾಗಿದೆ ಎಂದಿಟ್ಟುಕೊಳ್ಳಿ, ರೈತರು ಏನು ಮಾಡುತ್ತಾರೆ, ಖಾಸಗಿ ಡೇರಿಯವರು ಏನು ಮಾಡುತ್ತಾರೆ, ನಿಮ್ಮ ವಿಭಾಗ ಏನು ಮಾಡುತ್ತದೆ? ಸಾಲದ ಕಾಗದಕ್ಕೆ ಸಹಿ ಬೀಳುವುದು ಆ ಹಾಳೆಗಳನ್ನು ಎಲ್ಲರೂ ಓದಿದ ಮೇಲೆ.